ನಿಂತಿರುವ ಕೊರೊಲ್ಲಾ ತಗೊಳ್ಳಲಾ, ಓಡುತ್ತಿರುವ ಎಂಎಕ್ಸ್-5 ತಗೊಳ್ಳಲಾ?

ಮೊದಲ_ಪಾನಾ:

ಎಲ್ಲರಿಗೂ ನಮಸ್ಕಾರ. ಹಳೇ ಜಪಾನಿ ಕಾರೊಂದನ್ನು ಕೊಂಡು ನನ್ನ ಕೈಯಾರೆ ಸರಿಮಾಡಬೇಕು ಅನ್ನೋ ಆಸೆ ಬಹಳ ದಿನದಿಂದ ಇದೆ. ಮಾರಿ ಲಾಭ ಮಾಡುವ ಯೋಚನೆ ಇಲ್ಲ. ವಾರಕ್ಕೆ ಒಂದು ದಿನ ಬಿಡುವು ಸಿಗುತ್ತದೆ. ನೆರಳಿರುವ ಜಾಗ ಇದೆ, ಸ್ಪ್ಯಾನರ್ ಸೆಟ್ ಇದೆ. ಇಲ್ಲಿಯವರೆಗೆ ಮಾಡಿರುವ ಕೆಲಸ ಅಂದರೆ ಆಯಿಲ್ ಬದಲಾಯಿಸಿದ್ದು, ಬ್ರೇಕ್ ಪ್ಯಾಡ್ ಹಾಕಿದ್ದು, ಒಂದು ಸಲ ರೇಡಿಯೇಟರ್ ಬಿಚ್ಚಿ ಕೂರಿಸಿದ್ದು. ವೆಲ್ಡಿಂಗ್ ಬರುವುದಿಲ್ಲ.

ಈಗ ಎರಡು ಕಾರು ನೋಡಿಟ್ಟಿದ್ದೇನೆ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ.

ಒಂದು 1994ರ ಟೊಯೊಟಾ ಕೊರೊಲ್ಲಾ. 1.6 ಲೀಟರಿನ 4ಎ-ಎಫ್‌ಇ ಎಂಜಿನ್. ನಾಲ್ಕು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಬಣ್ಣ ಮಾಸಿ, ಮುಟ್ಟಿದರೆ ಸೀಮೆಸುಣ್ಣದ ಹಾಗೆ ಕೈಗೆ ಹತ್ತುತ್ತದೆ. ನಾಲ್ಕೂ ಟೈರಿನಲ್ಲಿ ಗಾಳಿ ಇಲ್ಲ. ಬ್ಯಾಟರಿ ಸತ್ತಿರುವುದರಿಂದ ಎಂಜಿನ್ ತಿರುಗುತ್ತದೋ ಇಲ್ಲವೋ ಗೊತ್ತಿಲ್ಲ. "ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು" ಎಂದು ಮಾಲೀಕರು ಹೇಳುತ್ತಾರೆ.

ಇನ್ನೊಂದು 1990ರ ಮಾಜ್ದಾ ಎಂಎಕ್ಸ್-5, ಅದೂ 1.6 ಲೀಟರ್. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯಿತು. ಹೊಸದಾಗಿ ಹೊಡೆದ ಕೆಂಪು ಬಣ್ಣ, ಮುಖ ಕಾಣುವಷ್ಟು ಹೊಳಪು. ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಬಾಗಿಲ ಕೆಳಗೆ, ಹಿಂದಿನ ಚಕ್ರಕ್ಕೆ ಸ್ವಲ್ಪ ಮುಂದೆ, ಬಣ್ಣ ಎರಡು ಕಡೆ ಗುಳ್ಳೆ ಎದ್ದ ಹಾಗಿದೆ. ಅದೊಂದು ಬಿಟ್ಟರೆ ಕಣ್ಣಿಗೆ ಬೇರೇನೂ ಕಾಣಲಿಲ್ಲ.

ಓಡುವ ಕಾರನ್ನೇ ತಗೋ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಆ ಕೆಂಪು ಕಾರಿನ ಮೇಲೇ ಇದೆ. ಭಾನುವಾರ ಎರಡನ್ನೂ ಇನ್ನೊಂದು ಸಲ ನೋಡಲು ಹೋಗುತ್ತೇನೆ. ಏನೇನು ಒಯ್ಯಬೇಕು, ಎಲ್ಲೆಲ್ಲಿ ನೋಡಬೇಕು? ತಿಳಿದವರು ದಯವಿಟ್ಟು ಹೇಳಿ.

ಹಳೇ_ತಗಡು:

ಆ ಎರಡು ಗುಳ್ಳೆಗಳ ಬಗ್ಗೆ ಓದಿದ ಮೇಲೆ ಬರೆಯದೇ ಇರಲು ಆಗಲಿಲ್ಲ.

ಹನ್ನೆರಡು ವರ್ಷದಿಂದ ಇದೇ ಹವ್ಯಾಸದಲ್ಲಿದ್ದೇನೆ. ನಾಲ್ಕು ಕಾರು ಬಿಚ್ಚಿ ಜೋಡಿಸಿದ್ದೇನೆ. ನಾಲ್ಕೂ 1985 ಮತ್ತು 1997ರ ನಡುವಿನ ಜಪಾನಿ ಕಾರುಗಳೇ. ಆ ಅನುಭವದಿಂದ ಹೇಳುತ್ತೇನೆ: ತಗಡು ನೋಡಿ ಕೊಳ್ಳಿ. ಉಳಿದದ್ದೆಲ್ಲ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಎಂಜಿನ್ ಕೆಟ್ಟರೆ ಇಳಿಸಬಹುದು, ಇನ್ನೊಂದನ್ನು ತಂದು ಕೂರಿಸಬಹುದು. 4ಎ-ಎಫ್‌ಇ ಕೊರೊಲ್ಲಾದಲ್ಲಿ ಮಾತ್ರ ಬಂದ ಎಂಜಿನ್ ಅಲ್ಲ. ಕರೀನಾ, ಸೆಲಿಕಾಗಳಲ್ಲೂ ಬಂದಿದೆ, ಹಾಗಾಗಿ ಬಿಡಿಭಾಗಕ್ಕೆ ಪರದಾಡಬೇಕಾಗಿಲ್ಲ. 10, 12, 14, 17 ಎಂಎಂ ಸ್ಪ್ಯಾನರ್ ನಾಲ್ಕಿದ್ದರೆ ಇಂಥ ಕಾರಿನ ಮುಕ್ಕಾಲು ಪಾಲು ಬಿಚ್ಚಬಹುದು. ಆದರೆ ತುಕ್ಕು ತಿಂದ ತಗಡನ್ನು ಯಾವ ಸ್ಪ್ಯಾನರೂ ಸರಿಮಾಡುವುದಿಲ್ಲ. ಕತ್ತರಿಸಬೇಕು, ಹೊಸ ತಗಡು ಮಡಚಿ ವೆಲ್ಡ್ ಮಾಡಬೇಕು. ನಿಮಗೆ ವೆಲ್ಡಿಂಗ್ ಬರುವುದಿಲ್ಲ ಅಂತ ನೀವೇ ಬರೆದಿದ್ದೀರಿ.

ನನ್ನ ಎರಡನೇ ಕಾರಿನ ಕಥೆ ಹೇಳುತ್ತೇನೆ. ಬಿಳಿ ಹ್ಯಾಚ್‌ಬ್ಯಾಕ್, ಹೊಸ ಪೇಂಟು, ಎಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ನೋಡಲು ಹೋದವನು ಬಾನೆಟ್ ಎತ್ತಿದೆ, ಒಂದು ಸುತ್ತು ಓಡಿಸಿದೆ, ಖುಷಿಯಿಂದ ದುಡ್ಡು ಕೊಟ್ಟು ಬಂದೆ. ಬಗ್ಗಿ ಕೆಳಗೆ ನೋಡಲೇ ಇಲ್ಲ. ಮೂರನೇ ವಾರ ಟೈರ್ ಬಿಚ್ಚಲು ಜ್ಯಾಕ್ ಹಾಕಿದೆ. ಜ್ಯಾಕ್ ಮೇಲೇರಿತು, ಕಾರು ಏರಲಿಲ್ಲ. ಹಪ್ಪಳ ಮುರಿದ ಹಾಗೆ ಸದ್ದು ಬಂತು, ಜ್ಯಾಕಿನ ತಲೆ ಸಿಲ್ ಒಳಗೆ ಹೊಕ್ಕಿತ್ತು. ಸಿಲ್ ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪೆಟ್ಟಿಗೆ. ಕಾರಿನ ಬೆನ್ನೆಲುಬು ಅದೇ. ಕೆರೆದು ನೋಡಿದರೆ ಹೆಬ್ಬೆರಳಿನಷ್ಟು ದಪ್ಪ ಪುಟ್ಟಿ (ತೂತು ಮುಚ್ಚಲು ಮೆತ್ತುವ ಪೇಸ್ಟ್), ಅದರ ಹಿಂದೆ ಮುದುಡಿ ತುಂಬಿದ ಪೇಪರ್. ಅಲ್ಲಿ ಕಬ್ಬಿಣ ಅನ್ನುವುದೇ ಉಳಿದಿರಲಿಲ್ಲ. ಏಳು ತಿಂಗಳು ಒದ್ದಾಡಿದೆ. ಒಂದು ಕಡೆ ವೆಲ್ಡ್ ಮಾಡಿಸಿದರೆ ಶಾಖಕ್ಕೆ ಪಕ್ಕದ ತಗಡೂ ಉದುರುತ್ತಿತ್ತು. ಕೊನೆಗೆ ಎಂಜಿನ್, ಗೇರ್‌ಬಾಕ್ಸ್ ಬಿಚ್ಚಿ ಬೇರೆಯವರಿಗೆ ಕೊಟ್ಟೆ. ಬಾಡಿ ಗುಜರಿಗೆ ಹೋಯಿತು. ಆ ದಿನ ನೆನಪಾದರೆ ಈಗಲೂ ಸಂಕಟ ಆಗುತ್ತದೆ. ಅದರ ಎಂಜಿನ್‌ಗೆ ನಾನು ಪ್ಲಗ್, ಬೆಲ್ಟ್ ಬಿಟ್ಟು ಬೇರೇನೂ ಹಾಕಿರಲಿಲ್ಲ.

ಈಗ ನಿಮ್ಮ ಎಂಎಕ್ಸ್-5ಗೆ ಬರೋಣ. ಗುಳ್ಳೆ ಎದ್ದಿರುವ ಜಾಗ ಕಾಕತಾಳೀಯ ಅಲ್ಲ. ಈ ಕಾರಿನ ಬಟ್ಟೆ ಛಾವಣಿಯ ಮೇಲೆ ಬಿದ್ದ ನೀರು ಸೀಟುಗಳ ಹಿಂದೆ ಎರಡೂ ಬದಿಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಇಳಿದು, ಹಿಂದಿನ ಚಕ್ರದ ಮುಂದೆ ಹೊರಬೀಳಬೇಕು. ಎಲೆ, ದೂಳು ಸೇರಿ ಆ ದಾರಿ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ಹೋಗಿ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಹೊರಗಡೆ ಗುಳ್ಳೆ ಕಾಣಿಸಿದೆ ಅಂದರೆ ಒಳಗೆ ಬಹಳ ಹಿಂದೆಯೇ ಶುರುವಾಗಿದೆ. ಅದರ ಮೇಲೆ ಹೊಸ ಬಣ್ಣ ಬೇರೆ! ಹೊಸ ಬಣ್ಣ ನೋಡಿದರೆ ನನಗೆ ಈಗ ಭಯ ಆಗುತ್ತದೆ. ಮಾಸಿದ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ, ಅಲ್ವಾ?

ಭಾನುವಾರ ಒಂದು ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ, ಬಣ್ಣಕ್ಕೆ ಗೀರು ಬೀಳಬಾರದು. ಪುಟ್ಟಿ ದಪ್ಪ ಇರುವ ಕಡೆ ಅದು ಹಿಡಿಯದೆ ಜಾರಿ ಬೀಳುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಳ್ಳೆ ತಗಡು ಟಣ್ ಅನ್ನುತ್ತದೆ, ಪುಟ್ಟಿ ತುಂಬಿದ್ದು ದಬ್ ಅನ್ನುತ್ತದೆ. ಮಲಗಿ ನೋಡಲು ಒಂದು ಹಳೇ ಬೆಡ್‌ಶೀಟ್, ಒಂದು ಟಾರ್ಚ್ ಇರಲಿ. ಜ್ಯಾಕ್ ಹಾಕುವ ಜಾಗ, ಹಿಂದಿನ ಚಕ್ರದ ಕಮಾನಿನ ಒಳ ಅಂಚು, ಮುಂದಿನ ಸಸ್ಪೆನ್ಷನ್ ಬಂದು ಸೇರುವ ಮೇಲ್ಭಾಗ, ಗಾಜಿನ ಕೆಳಮೂಲೆಗಳು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ. ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಒದ್ದೆ ವಾಸನೆ ಬಂದರೆ ಎಲ್ಲಿಂದಲೋ ನೀರು ಬರುತ್ತಿದೆ. ಕೊರೊಲ್ಲಾದ ಎಂಜಿನ್ ಜಾಗದಲ್ಲಿ ಒಂದು ತಗಡಿನ ಪಟ್ಟಿ ಇರುತ್ತದೆ. ಅದರಲ್ಲಿ ಸಿ/ಟಿಆರ್ ಅಂತ ಬರೆದ ಕಡೆ ಮೊದಲು ಬರುವುದು ಬಣ್ಣದ ಸಂಖ್ಯೆ. ಅದಕ್ಕೂ ಕಾರಿನ ಮೇಲಿರುವ ಬಣ್ಣಕ್ಕೂ ತಾಳೆ ಆಗುತ್ತದೋ ನೋಡಿ.

ತಗಡು ಚೆನ್ನಾಗಿದೆ ಅನಿಸಿದರೆ ಆಮೇಲೆ ಎಂಜಿನ್. ನಾಲ್ಕು ವರ್ಷ ನಿಂತ ಎಂಜಿನ್‌ಗೆ ಮೊದಲೇ ಬ್ಯಾಟರಿ ಕೊಟ್ಟು ಕೀ ತಿರುಗಿಸಬೇಡಿ, ಇದೊಂದು ದಯವಿಟ್ಟು ನೆನಪಿಡಿ. ಸಿಲಿಂಡರ್ ಗೋಡೆ ಒಣಗಿರುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಡಿ. ಗೇರ್ ನ್ಯೂಟ್ರಲ್ ಮಾಡಿ, ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ತುದಿಯಲ್ಲಿ ಬೆಲ್ಟ್ ತಿರುಗಿಸುವ ಗಾಲಿ) ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದ ಹಾಗೆ. ಎಲ್ಲಾದರೂ ತಡೆದರೆ ಜೋರು ಮಾಡಬೇಡಿ. ಆಮೇಲೆ ಇಎಫ್‌ಐ ಫ್ಯೂಸ್ (ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆಯದು) ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರಿನಿಂದ ತಿರುಗಿಸಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಕಟ್ಟುವ ಒತ್ತಡ, ಅಳೆಯಿರಿ. ಈ ಎಂಜಿನ್‌ನಲ್ಲಿ ಚದರ ಸೆಂಟಿಮೀಟರಿಗೆ 13.5 ಕೆಜಿ ಬಂದರೆ ಹೊಸದರ ಹಾಗೆ, 10ಕ್ಕಿಂತ ಕಡಿಮೆ ಇರಬಾರದು. ಸಿಲಿಂಡರುಗಳ ನಡುವೆ 1ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಯಾವುದಾದರೂ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸಮಸ್ಯೆ, ಏರದಿದ್ದರೆ ವಾಲ್ವ್.

ಒಳ್ಳೆಯ ಸುದ್ದಿ ಏನೆಂದರೆ 4ಎ-ಎಫ್‌ಇಯಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುವುದಿಲ್ಲ. ಎಂಎಕ್ಸ್-5ರ 1.6 ಎಂಜಿನ್ನೂ ಹಾಗೆಯೇ. ಆದರೂ ಬೆಲ್ಟ್ ಬದಲಾಯಿಸಿಯೇ ಓಡಿಸಿ.

ಇನ್ನೊಂದು ವಿಷಯ, ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಸ್ಕ್ರೂ ಉಳಿಯುತ್ತಿದ್ದವು. ಜಪಾನಿ ಕಾರಿನ ಪ್ಲಸ್ ಸ್ಕ್ರೂ ನೋಡಲು ಫಿಲಿಪ್ಸ್ ಥರ ಇರುತ್ತದೆ, ಆದರೆ ಅಲ್ಲ. ಅದು ಜೆಐಎಸ್ ಅನ್ನುವ ಜಪಾನಿ ಅಳತೆಯದು. ಫಿಲಿಪ್ಸ್ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ಕೂರುವುದಿಲ್ಲ. ಜೋರಾಗಿ ತಿರುಗಿಸಿದರೆ ಮೇಲೆದ್ದು ತಲೆಯನ್ನೇ ಸವೆಸಿಬಿಡುತ್ತದೆ. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಒಂದು ಚುಕ್ಕೆ ಗುರುತು ಇರುತ್ತದೆ, ಕಂಡರೆ ಗೊತ್ತಾಗುತ್ತದೆ. ಒಂದು ಜೆಐಎಸ್ ಸೆಟ್ ಕೊಂಡಿಟ್ಟುಕೊಳ್ಳಿ.

ಮಿಣುಕು_ದೀಪ:

ತಗಡು, ಎಂಜಿನ್ ಬಗ್ಗೆ ಮೇಲಿನವರು ಬರೆದಿದ್ದಾರೆ. ನಾನು ವೈರಿಂಗ್ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಶೆಡ್ಡಿನಲ್ಲಿ ನಿಂತ ಕಾರು ಅಂದರೆ ಇಲಿ ಇದ್ದೇ ಇರುತ್ತದೆ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ, ಗೂಡು ಕಟ್ಟಲು ಅದಕ್ಕೆ ಇಷ್ಟವಾದ ಜಾಗ ಅದು. ಗೂಡಿದ್ದರೆ ಹತ್ತಿರದ ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಪರೀಕ್ಷಿಸಿ.

ಬ್ಯಾಟರಿ ಕೊಟ್ಟ ಮೇಲೆ, ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳಲೇಬೇಕು. ಹೊತ್ತಿಕೊಳ್ಳದಿದ್ದರೆ ಬಲ್ಬ್ ಸುಟ್ಟಿರಬೇಕು, ಇಲ್ಲ ಯಾರೋ ಕಿತ್ತಿರಬೇಕು. ಆ ಕಾಲದ ಟೊಯೊಟಾ ಕಾರಿಗೆ ಸ್ಕ್ಯಾನರ್ ಬೇಕಾಗಿಲ್ಲ. ಬಾನೆಟ್ ಕೆಳಗೆ ಮುಚ್ಚಳ ಇರುವ ಒಂದು ಚಿಕ್ಕ ಡಬ್ಬಿ ಇರುತ್ತದೆ, ಮುಚ್ಚಳದ ಒಳಗೆ ಪಿನ್‌ಗಳ ಹೆಸರು ಬರೆದಿರುತ್ತದೆ. ಟಿಇ1 ಮತ್ತು ಇ1 ಪಿನ್ನುಗಳನ್ನು ಒಂದು ಪೇಪರ್ ಕ್ಲಿಪ್‌ನಿಂದ ಸೇರಿಸಿ ಕೀ ಆನ್ ಮಾಡಿ. ದೀಪ ಒಂದೇ ಸಮ ಮಿಣುಕುತ್ತಿದ್ದರೆ ಯಾವ ದೋಷವೂ ದಾಖಲಾಗಿಲ್ಲ. ಎರಡು ಸಲ ಮಿಣುಕಿ, ಸ್ವಲ್ಪ ತಡೆದು, ಮತ್ತೆ ಎರಡು ಸಲ ಮಿಣುಕಿದರೆ ಅದು 22, ಅಂದರೆ ಕೂಲೆಂಟ್ ಶಾಖ ಅಳೆಯುವ ಸೆನ್ಸರ್. ಕ್ಲಿಪ್ ಬೇರೆ ಪಿನ್ನಿಗೆ ತಾಗದ ಹಾಗೆ ನೋಡಿಕೊಳ್ಳಿ. ನಾನು ಮೊದಲ ಸಲ ಈ ದೀಪ ಎಣಿಸಿದಾಗ ಕಾರೇ ನನ್ನ ಜೊತೆ ಮಾತಾಡಿದ ಹಾಗೆ ಅನಿಸಿತ್ತು.

1980ರ ದಶಕದ ಕೊನೆಯ, 1990ರ ದಶಕದ ಮೊದಲಿನ ಹಲವು ಕಾರುಗಳಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಳಗಿನ ಕೆಪಾಸಿಟರ್ ಸೋರಿ ಬೋರ್ಡನ್ನು ತಿನ್ನುತ್ತದೆ. ಇಸಿಯು ಹತ್ತಿರ ಮೀನಿನ ಥರ ವಾಸನೆ ಬಂದರೆ ಬಿಚ್ಚಿ ನೋಡಿ. ಬೇಗ ಸಿಕ್ಕರೆ ಕೆಪಾಸಿಟರ್ ಬದಲಾಯಿಸಿ ಬೋರ್ಡ್ ಉಳಿಸಬಹುದು. ಹಾಗೆಯೇ ಬ್ಯಾಟರಿಯಿಂದ ಬಾಡಿಗೆ, ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ವೈರುಗಳ ತುದಿ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ. ಅರ್ಧ ಗಂಟೆಯ ಕೆಲಸ, ಆದರೆ ಎಷ್ಟೋ ವಿಚಿತ್ರ ತೊಂದರೆಗಳು ಇದರಿಂದಲೇ ಹೋಗುತ್ತವೆ.

ಬಟ್ಟೆ_ಛಾವಣಿ:

ನಾನು 1993ರ ಎಂಎಕ್ಸ್-5 ಇಟ್ಟುಕೊಂಡು ಒಂಬತ್ತು ವರ್ಷ ಆಯಿತು. ಆ ಕಾರಿನ ಮೇಲೆ ನಿಮಗೆ ಯಾಕೆ ಮನಸ್ಸಾಯಿತು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಅದರ ಪರವಾಗಿ ಎರಡು ಮಾತು.

ಟಿಕ್ ಟಿಕ್ ಸದ್ದಿಗೆ ಹೆದರಬೇಡಿ. ಅದು ಸಾಮಾನ್ಯವಾಗಿ ವಾಲ್ವಿನ ಮೇಲಿರುವ ಹೈಡ್ರಾಲಿಕ್ ಲಿಫ್ಟರ್ ಸದ್ದು. ಒಳ್ಳೆ ಆಯಿಲ್ ಹಾಕಿ ಒಂದಷ್ಟು ದೂರ ಓಡಿಸಿದರೆ ಬಹಳ ಸಲ ಕಡಿಮೆಯಾಗುತ್ತದೆ.

ನೋಡಬೇಕಾದ್ದು ಕ್ರ್ಯಾಂಕ್ ಪುಲ್ಲಿ. 1991ರ ಮಧ್ಯದವರೆಗಿನ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಮೂತಿ, ಅಂದರೆ ಪುಲ್ಲಿ ಕೂರುವ ತುದಿ, ಚಿಕ್ಕದು. ಪುಲ್ಲಿಯ ನಡುವೆ ನಾಲ್ಕು ಸೀಳು ಕಂಡರೆ ಚಿಕ್ಕ ಮೂತಿ, ಎಂಟು ಕಂಡರೆ ದೊಡ್ಡದು. ಚಿಕ್ಕದರಲ್ಲಿ ಬೋಲ್ಟ್ ಸರಿಯಾಗಿ ಬಿಗಿಯಾಗಿರದಿದ್ದರೆ ಒಳಗಿನ ಕೀಲಿ ಮತ್ತು ಅದು ಕೂರುವ ತೋಡು ಸವೆದು ಟೈಮಿಂಗ್ ತಪ್ಪುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ಪುಲ್ಲಿಯನ್ನು ಪಕ್ಕದಿಂದ ನೋಡಿ. ಓಲಾಡುತ್ತಿದ್ದರೆ ಕೈಬಿಡಿ.

ಸಿಲ್ ವಿಷಯದಲ್ಲಿ ನನ್ನದೂ ಅದೇ ಅಭಿಪ್ರಾಯ. ಒಂದು ಲೋಟ ನೀರು ಒಯ್ದು ಸೀಟಿನ ಹಿಂದಿನ ಆ ರಂಧ್ರಕ್ಕೆ ನಿಧಾನವಾಗಿ ಸುರಿಯಿರಿ. ಕೆಳಗೆ ಹೊರಬಂದರೆ ಸರಿ. ಬರದಿದ್ದರೆ ಎಷ್ಟು ಆಸೆ ಇದ್ದರೂ ಬಿಟ್ಟು ಬನ್ನಿ. 1989ರಿಂದ 1997ರವರೆಗೆ ಈ ಮೊದಲ ಮಾದರಿಯ ಕಾರು 4 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. 2017ರಲ್ಲಿ ಮಾಜ್ದಾ ಕಂಪನಿಯೇ ಜಪಾನಿನಲ್ಲಿ ಇದರ ಪುನರುಜ್ಜೀವನ ಕೆಲಸ ಘೋಷಿಸಿ, ನಿಂತುಹೋಗಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸಿತು. ಇನ್ನೊಂದು ಸಿಗುತ್ತದೆ, ಕಾಯಿರಿ.

ಮೊದಲ_ಪಾನಾ:

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಹೋಗಿ ಬಂದೆ. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಮೊದಲು ಎಂಎಕ್ಸ್-5. ಬಲಗಡೆ ಸಿಲ್‌ನಲ್ಲಿ ಅಯಸ್ಕಾಂತ ಒಂದೂವರೆ ಗೇಣು ಉದ್ದಕ್ಕೆ ಹಿಡಿಯಲೇ ಇಲ್ಲ. ಎಡಗಡೆ ಸ್ವಲ್ಪ ಪರವಾಗಿಲ್ಲ. ತಟ್ಟಿದರೆ ದಬ್ ದಬ್. ನೀರು ಸುರಿದೆ, ಕೆಳಗೆ ಒಂದು ಹನಿಯೂ ಬರಲಿಲ್ಲ. ಪುಲ್ಲಿಯಲ್ಲಿ ನಾಲ್ಕು ಸೀಳು, ಓಲಾಟ ಮಾತ್ರ ಕಾಣಲಿಲ್ಲ. ಮಾಲೀಕರಿಗೆ ವಿಷಯ ಹೇಳಿದೆ. ತಾವು ಕೊಂಡಾಗಲೇ ಪೇಂಟ್ ಆಗಿತ್ತು ಅಂದರು. ಅವರಿಗೂ ಬೇಜಾರಾಯಿತು ಅನಿಸುತ್ತದೆ. ವಾಪಸ್ ಬರುವಾಗ ಎರಡು ಸಲ ತಿರುಗಿ ನೋಡಿದೆ.

ಆಮೇಲೆ ಕೊರೊಲ್ಲಾ. ಬೆಡ್‌ಶೀಟ್ ಹಾಸಿ ಮುಕ್ಕಾಲು ಗಂಟೆ ಕೆಳಗೇ ಇದ್ದೆ. ಅಯಸ್ಕಾಂತ ಎಲ್ಲ ಕಡೆ ಹಿಡಿಯಿತು. ಸ್ಟೆಪ್ನಿ ಗುಂಡಿ ಒಣಗಿ ದೂಳಾಗಿತ್ತು, ಕಂಪನಿಯ ವೆಲ್ಡಿನ ಚುಕ್ಕೆಗಳು ಸಾಲಾಗಿ ಕಾಣುತ್ತಿದ್ದವು. ಬಣ್ಣದ ಸಂಖ್ಯೆ ತಾಳೆಯಾಯಿತು. ಎಡಗಡೆ ಹಿಂದಿನ ಕಮಾನಿನ ಅಂಚಿನಲ್ಲಿ ಉಗುರಿನಷ್ಟು ತುಕ್ಕು ಇದೆ, ಅಷ್ಟೇ.

ಎಂಜಿನ್ ಕೈಯಲ್ಲೇ ತಿರುಗಿತು! ಬೋಲ್ಟ್ ಮೊದಲ ಸಲ ಅಲುಗಿದಾಗ ಆದ ಖುಷಿ ಹೇಳಲಾರೆ. ಕಂಪ್ರೆಷನ್ ಒಂದರಿಂದ ನಾಲ್ಕರವರೆಗೆ 11.5, 11.8, 8.9, 11.6. ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟಾಗ 11.2ಕ್ಕೆ ಏರಿತು. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿಗೂಡು ಇತ್ತು. ದೀಪ ಎಣಿಸಿದೆ, 22. ಟೈರಿನ ಪಕ್ಕದ ನಾಲ್ಕಂಕಿ ನೋಡಿದೆ, 2311.

ಕೊಂಡುಬಿಟ್ಟೆ. ಮಂಗಳವಾರ ಟ್ರಕ್ಕಿನಲ್ಲಿ ಬಂತು. ಈಗ ಮೂರನೇ ಸಿಲಿಂಡರಿಗೆ ಎಂಜಿನ್ ಬಿಚ್ಚಬೇಕಾ? ಎಲ್ಲಿಂದ ಶುರುಮಾಡಲಿ?

ಹಳೇ_ತಗಡು:

ಓದಿ ಎಷ್ಟು ಸಂತೋಷವಾಯಿತು ಅಂದರೆ ಮನೆಯವರಿಗೂ ಓದಿ ಹೇಳಿದೆ.

ಎಂಜಿನ್ ಬಿಚ್ಚಬೇಡಿ. ಆಯಿಲ್ ಬಿಟ್ಟಾಗ ಏರಿದೆ, ಅಂದರೆ ಮೂರನೆಯದರಲ್ಲಿ ರಿಂಗ್ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ. ನಿಂತ ಎಂಜಿನ್‌ಗಳಲ್ಲಿ ಇದು ಮಾಮೂಲು. ಆ ಸಿಲಿಂಡರಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮೂರು ನಾಲ್ಕು ದಿನ ನೆನೆಯಲಿ, ದಿನಕ್ಕೊಮ್ಮೆ ಕೈಯಲ್ಲಿ ಅರ್ಧ ಸುತ್ತು ತಿರುಗಿಸಿ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿ. 500 ಕಿಲೋಮೀಟರ್ ಓಡಿಸಿ ಮತ್ತೆ ಬದಲಾಯಿಸಿ, ಆಮೇಲೆ ಅಳೆಯಿರಿ. ಬಿಚ್ಚುವ ಮಾತು ಅಲ್ಲಿಯವರೆಗೆ ಬೇಡ.

22ಕ್ಕೆ ಸೆನ್ಸರ್ ಕೊಳ್ಳುವ ಮೊದಲು ಅದರ ಎರಡು ವೈರ್ ನೋಡಿ, ಇಲಿ ಕಡಿದಿರಬಹುದು. ವೈರ್ ಸರಿ ಇದ್ದರೆ ಸೆನ್ಸರಿಗೆ ಮಲ್ಟಿಮೀಟರ್ ಹಿಡಿಯಿರಿ. 20 ಡಿಗ್ರಿ ಶಾಖದಲ್ಲಿ 2ರಿಂದ 3 ಕಿಲೋಓಮ್ ತೋರಿಸಬೇಕು. ತೋರಿಸಿದರೆ ಸೆನ್ಸರ್ ಚೆನ್ನಾಗಿದೆ.

ಟೈರ್ 2011ರ 23ನೇ ವಾರದ್ದು. ಗಾಳಿ ನಿಂತರೂ ಅದರಲ್ಲಿ ರಸ್ತೆಗೆ ಹೋಗಬೇಡಿ. ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಪೆಟ್ರೋಲ್ ಹೋಸ್ ಮಡಚಿ ನೋಡಿ, ಬಿರುಕು ಕಂಡರೆ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ.

ಶುರುಮಾಡುವುದು ಬ್ರೇಕ್‌ನಿಂದ. ಸ್ಟಾರ್ಟ್ ಮಾಡುವ ಆಸೆ ತಡೆಯುವುದು ಕಷ್ಟ, ಆದರೆ ನಿಲ್ಲದ ಕಾರನ್ನು ಸ್ಟಾರ್ಟ್ ಮಾಡಿ ಏನು ಮಾಡುತ್ತೀರಿ? ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನಾಲ್ಕು ವರ್ಷದ ಹಳೆಯದು ಒಳಗಿಂದಲೇ ತುಕ್ಕು ಹಿಡಿಸಿರುತ್ತದೆ. ರಬ್ಬರ್ ಹೋಸ್ ಒಳಗೆ ಊದಿಕೊಂಡಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಹೋಸ್ ನಾಲ್ಕನ್ನೂ ಹೊಸದು ಹಾಕಿ, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಕಿತ್ತು ಉಜ್ಜಿ ಗ್ರೀಸ್ ಹಚ್ಚಿ.

ಬ್ರೇಕ್ ಆಯಿಲ್ ಒಳಗಿನ ಗಾಳಿ ತೆಗೆಯುವ ನಿಪ್ಪಲ್‌ಗಳು ಮಾತ್ರ ಹುಷಾರು. ಒಣಗಿದ್ದನ್ನು ಜೋರಾಗಿ ತಿರುಗಿಸಿದರೆ ಕತ್ತು ಮುರಿದು ಒಳಗೇ ಉಳಿಯುತ್ತದೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ನಾಲ್ಕಕ್ಕೂ ಇವತ್ತು ರಾತ್ರಿಯೇ ಎಣ್ಣೆ ಬಿಟ್ಟುಬಿಡಿ, ಭಾನುವಾರದವರೆಗೆ ಚೆನ್ನಾಗಿ ನೆನೆಯಲಿ.